ಕುಮಟೆಯ ಹತ್ತಿ, ಭಿವಂಡಿಯ ಬಟ್ಟೆ

ಕಳೆದ ದೀಪಾವಳಿಗೆ ನಮ್ಮ ಮನೆಗೆ ಒಂದು ಅಂಗಿ ಬಂದಿತು. ಕಾಲೇಜಿಗೆ ಹೋಗುವ ನಮ್ಮ ಮಗಳು ಠಾಣೆಯ ಒಂದು ದೊಡ್ಡ ಅಂಗಡಿಯಿಂದ ಆರಿಸಿ ತಂದದ್ದು. ಅದರ ಕೊರಳಪಟ್ಟಿಗೆ ಹಸುರೆಲೆಯ ಚಿತ್ರವಿದ್ದ ಒಂದು ಚೀಟಿ. ಚೀಟಿಯ ಮೇಲೆ 'ಆರ್ಗ್ಯಾನಿಕ್ ಕಾಟನ್' ಎಂಬ ಎರಡು ಮಾತು. ಬೆಲೆ ಮಾಮೂಲಿ ಅಂಗಿಯ ಎರಡರಷ್ಟು. ಊರಿನಿಂದ ಬಂದು ನಮ್ಮಲ್ಲಿದ್ದ ತಾಯಿಯವರು ಇದೇನು ವಿಶೇಷವೆಂದು ಕೇಳಿದರು. ರಾಸಾಯನಿಕ ಗೊಬ್ಬರ ಹಾಕದೆ, ವಿಷ ಸಿಂಪಡಿಸದೆ ಬೆಳೆದ ಹತ್ತಿಯಿಂದ ಮಾಡಿದ್ದು ಎಂದು ಮಗಳು ವಿವರಿಸಿದಳು. ತಾಯಿಯವರು ಬಟ್ಟೆಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ ನೋಡಿ, "ಹತ್ತಿಗೆ ವಿಷಾ ಹೊಡದಿಲ್ಲಂತ ಚೀಟಿ ಹಚ್ಚಿ ಮಾರೂ ಕಾಲ ಬಂತೇನು ತಮ್ಮಾ? ನಿಮ್ಮಪ್ಪನ ಹತ್ತಿಗೆ ಯಾರು ವಿಷಾ ಹೊಡದಿದ್ರು?" ಎಂದರು.

ಈ ಪ್ರಶ್ನೆಗೆ ನಮ್ಮಲ್ಲಿ ಆಗ ಉತ್ತರವಿರಲಿಲ್ಲ. ನವಲಗುಂದ ತಾಲೂಕಿನ ಎರೆಭೂಮಿಯಲ್ಲಿ ಹುಟ್ಟಿ, ಬಿ.ಎಸ್ಸಿ. ಓದಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳನ್ನು ತಿರುವುತ್ತ, ಭಿವಂಡಿಯ ಧಾಮಣಕರ್ ನಾಕಾದ ಹತ್ತಿರ ಮಗ್ಗಗಳ ಸದ್ದಿನಲ್ಲಿ ಸಂಸಾರ ನಡೆಸುತ್ತಿರುವ ನಮಗೆ, ಹತ್ತಿಯ ಎರಡು ತುದಿಗಳೂ ಕಣ್ಣೆದುರಿಗೇ ಇದ್ದವು. ನಡುವಿನ ದಾರಿ ಮಾತ್ರ ತಿಳಿದಿರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ಕಂಡ ಕೆಲವು ಸಂಗತಿಗಳನ್ನು ನಮ್ಮ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಮುಂಬಯಿ ಪೇಟೆಯಲ್ಲಿ 'ಕುಮಟಾ' ಎಂಬ ಹೆಸರಿನ ಒಂದು ಹತ್ತಿ ಮಾರಾಟವಾಗುತ್ತಿತ್ತು. ಕರಾವಳಿಯ ನಮ್ಮ ಬಂಧುಗಳು ಇದನ್ನು ಕೇಳಿದರೆ ನಕ್ಕಾರು. ತೆಂಗು, ಅಡಿಕೆ, ಭತ್ತದ ಸೀಮೆಯಾದ ಕುಮಟೆಯಲ್ಲಿ ಹತ್ತಿ ಎಲ್ಲಿಂದ ಬರಬೇಕು! ಬೆಳೆಯುತ್ತಿದ್ದುದು ಘಟ್ಟದ ಮೇಲೆ, ಧಾರವಾಡ, ಹುಬ್ಬಳ್ಳಿ, ಗದಗ, ನವಲಗುಂದಗಳ ಕರಿಯ ಮಣ್ಣಿನಲ್ಲಿ. ಅಲ್ಲಿಂದ ಅಂಡಿಗೆಗಳನ್ನು ಎತ್ತಿನ ಮೇಲೆ, ಗಾಡಿಗಳ ಮೇಲೆ ಹೇರಿಕೊಂಡು ಘಟ್ಟವಿಳಿದು ಕುಮಟೆಯ ಬಂದರಕ್ಕೆ ತಂದು, ಹಾಯಿಹಡಗುಗಳಲ್ಲಿ ಮುಂಬಯಿಗೆ ಕಳಿಸುತ್ತಿದ್ದರು. ಮುಂಬಯಿಯ ವ್ಯಾಪಾರಿಗಳಿಗೆ ಬಂದರದ ಹೆಸರು ಗೊತ್ತು, ಬೆಳೆದವನ ಊರು ಗೊತ್ತಿಲ್ಲ. ಬೆಳೆದವನ ಹೆಸರು ಅಳಿದು ದಾರಿಯ ಹೆಸರು ಉಳಿಯುವುದು ಅಂದಿನಿಂದಲೇ ಆರಂಭವಾಯಿತೆನ್ನಬೇಕು. ನಾವು, ಅಂದರೆ ಧಾರವಾಡದವರೂ ಕರಾವಳಿಯವರೂ, ಹೊಟ್ಟೆಪಾಡಿಗಾಗಿ ಮುಂಬಯಿಗೆ ಬರುವುದಕ್ಕೆ ಬಹಳ ಮೊದಲೇ ನಮ್ಮ ಹತ್ತಿ ಈ ದಾರಿ ಹಿಡಿದಿತ್ತು.

ಈ ಹತ್ತಿ ಎಂಥದು? ಸಸ್ಯಶಾಸ್ತ್ರದಲ್ಲಿ ಇದಕ್ಕೆ ಗಾಸಿಪಿಯಂ ಹರ್ಬೇಸಿಯಂ ಎಂದು ಹೆಸರು. ನಮ್ಮ ಕಡೆ ಜವಾರಿ ಹತ್ತಿ ಎನ್ನುತ್ತಾರೆ. ಇದರ ಜೀವಕೋಶದಲ್ಲಿ 26 ವರ್ಣತಂತುಗಳು; ಅಮೆರಿಕದ ಹತ್ತಿಯಲ್ಲಿ 52. ಆದ್ದರಿಂದ ಎರಡೂ ಹತ್ತಿಗಳೇ ಆದರೂ ಸಾಮಾನ್ಯವಾಗಿ ಕೂಡುವ ಜಾತಿಗಳಲ್ಲ. ಜವಾರಿ ಹತ್ತಿಯನ್ನು ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿತ್ತುತ್ತಾರೆ. ಬೇರು ಆಳಕ್ಕಿಳಿದು ಎರೆಮಣ್ಣು ಹಿಡಿದಿಟ್ಟ ತೇವವನ್ನೇ ಕುಡಿದು ಬೆಳೆಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಿಡಿಸಲು ಬರುತ್ತದೆ. ಎಲೆಯ ರಸ ಹೀರುವ ಕೀಟಗಳ ಕಾಟ ಇದಕ್ಕೆ ಕಡಿಮೆ. ನಮ್ಮ ತಂದೆಯವರ ಕಾಲದಲ್ಲಿ ಇದಕ್ಕೆ ಹಾಕುತ್ತಿದ್ದುದು ತಿಪ್ಪೆಗೊಬ್ಬರ ಮಾತ್ರ. ಕಾಳು ಎಮ್ಮೆಗೆ, ಕಟಿಗೆ ಒಲೆಗೆ, ಅರಳೆ ಪೇಟೆಗೆ. ಇಳುವರಿ ಕಡಿಮೆ ಎಂಬುದು ನಿಜ. ಎಳೆ ಗಿಡ್ಡ ಎಂಬುದೂ ನಿಜ. ಆದರೆ ಕೈಯಿಂದ ನೂಲುವವರಿಗೆ ಆ ಗಿಡ್ಡ ಎಳೆ ಎಂದೂ ತೊಡಕಾಗಿರಲಿಲ್ಲ.

ತೊಡಕಾದದ್ದು ಮ್ಯಾಂಚೆಸ್ಟರಿನ ಯಂತ್ರಗಳಿಗೆ. ಅವುಗಳಿಗೆ ಉದ್ದ ಎಳೆಯ ಅಮೆರಿಕದ ಹತ್ತಿಯೇ ಬೇಕು. ಲ್ಯಾಂಕಶೈರಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಅಮೆರಿಕದಿಂದಲೇ ಬರುತ್ತಿತ್ತು. ಒಂದೇ ದೇಶವನ್ನು ನೆಚ್ಚುವುದು ಅಪಾಯವೆಂದು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ತೋಟಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿಕೊಂಡಿತು. ಹಲವು ಕಡೆ ಈ ಪ್ರಯೋಗ ಕೈಗೂಡಲಿಲ್ಲ. ಧಾರವಾಡ ಜಿಲ್ಲೆಯಲ್ಲಿ ಮಾತ್ರ, ಕಲೆಕ್ಟರ್ ಶಾ ಎಂಬವರ ಆಸಕ್ತಿಯಿಂದ ನ್ಯೂ ಆರ್ಲಿಯನ್ಸ್ ಬೀಜ ನೆಲೆಯೂರಿತು. ಅದಕ್ಕೆ 'ಧಾರವಾಡ–ಅಮೆರಿಕನ್' ಎಂದು ಹೆಸರಾಯಿತು. ಜವಾರಿ ಹತ್ತಿಯ ಕಾಳನ್ನು ನಮ್ಮ ಹೆಣ್ಣುಮಕ್ಕಳು ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬೇರ್ಪಡಿಸುತ್ತಿದ್ದರು. ಹೊಸ ಹತ್ತಿಯ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿದ್ದರಿಂದ ಈ ಉಪಾಯ ಅದಕ್ಕೆ ನಡೆಯದು. ಗರಗಸದ ಹಲ್ಲಿನ ಜಿನ್ನೇ ಬೇಕು. ಹೀಗೆ ಬೀಜದ ಹಿಂದೆಯೇ ಯಂತ್ರವೂ ಬಂದಿತು, ಯಂತ್ರದ ಹಿಂದೆ ಅದರ ಒಡೆಯನೂ ಬಂದನು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಅಲ್ಲಿಯ ದಕ್ಷಿಣದ ಬಂದರುಗಳು ಮುಚ್ಚಿದವು. ಲ್ಯಾಂಕಶೈರಿನ ಕಣ್ಣು ಮುಂಬಯಿಯ ಕಡೆ ತಿರುಗಿ, ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಹತ್ತಿಯ ಸಾಗಣೆಗೆ ಕಾರವಾರದ ಬಂದರವನ್ನು ಬೆಳೆಸಬೇಕೆಂಬ ಒತ್ತಾಯದ ಫಲವಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕನ್ನಡನಾಡಿನ ಒಂದು ಜಿಲ್ಲೆಯ ಆಡಳಿತವನ್ನೇ ಬದಲಿಸುವಷ್ಟು ಶಕ್ತಿ ಹತ್ತಿಗೆ ಇತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಮುಂಬಯಿಯಲ್ಲಿ ಪ್ರೇಮಚಂದ ರಾಯಚಂದರಂಥ ಹತ್ತಿಯ ದಲಾಲರು ಕುಬೇರರಾದರು. ನಾವು ದಿನವೂ ಚರ್ಚ್‌ಗೇಟಿನ ಕಡೆಯಿಂದ ನೋಡುವ ರಾಜಾಬಾಯಿ ಗೋಪುರ ಅವರ ತಾಯಿಯ ಹೆಸರಿನದು. 1865ರಲ್ಲಿ ಯುದ್ಧ ಮುಗಿಯಿತು; ಬೆಲೆ ಕುಸಿಯಿತು; ಮುಂಬಯಿಯ ಬ್ಯಾಂಕುಗಳೂ ಷೇರು ಪೇಟೆಯೂ ನೆಲಕಚ್ಚಿದವು.

ಆ ನಾಲ್ಕು ವರ್ಷಗಳ ಅವಸರದಲ್ಲಿ ನಡೆದ ಇನ್ನೊಂದು ಸಂಗತಿಯೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಬೆಲೆ ಏರಿದಂತೆ ಕಲಬೆರಕೆಯೂ ಏರಿತು. ಧಾರವಾಡ–ಅಮೆರಿಕನ್ ಹತ್ತಿಯಲ್ಲಿ ಅಗ್ಗದ ಕುಮಟಾ ಹತ್ತಿಯನ್ನು ಬೆರೆಸುವುದು, ತೂಕಕ್ಕಾಗಿ ಕಾಳು, ಮಣ್ಣು, ನೀರು ಸೇರಿಸುವುದು ನಡೆಯಿತು. ಇದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸದ ಕಾಯಿದೆಯನ್ನೇ ಜಾರಿಗೆ ತಂದು ತಪಾಸಣೆಗಾರರನ್ನು ನೇಮಿಸಿತು. ಇದರಲ್ಲಿ ಒಂದು ವಿಚಿತ್ರವಿದೆ. ನೂರಾರು ವರ್ಷ ನಮ್ಮ ಮೈ ಮುಚ್ಚಿದ ಜವಾರಿ ಹತ್ತಿ, ಯಂತ್ರ ಬಂದ ಕೆಲವೇ ವರ್ಷಗಳಲ್ಲಿ 'ಕಲಬೆರಕೆಯ ವಸ್ತು' ಎನಿಸಿಕೊಂಡಿತು. ಹತ್ತಿ ಬದಲಾಗಿರಲಿಲ್ಲ, ಕೊಳ್ಳುವವನು ಬದಲಾಗಿದ್ದನು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಗದಗಗಳನ್ನು ಮುಟ್ಟಿದ ಮೇಲೆ ಕುಮಟೆಯ ಹತ್ತಿ ವ್ಯಾಪಾರ ಇಳಿಯಿತು. ಮುಂಬಯಿಯ ಹತ್ತಿ ಪೇಟೆ ಮೊದಲು ಕೋಟೆಯೊಳಗೆ, ಆಮೇಲೆ ಕೊಲಾಬಾದಲ್ಲಿ ಇದ್ದು, 1920ರ ದಶಕದಲ್ಲಿ ಶಿವಡಿಯ ಬಳಿಗೆ ಬಂದಿತು. ಹಾರ್ಬರ್ ಮಾರ್ಗದ 'ಕಾಟನ್ ಗ್ರೀನ್' ನಿಲ್ದಾಣದ ಹೆಸರಿನ ಗುಟ್ಟು ಇದೇ. ಅದೇ ಕಾಲದಲ್ಲಿ, 1924ರಲ್ಲಿ, ನಮ್ಮ ಕನ್ನಡಿಗರ ಮಾಟುಂಗದಲ್ಲಿ ಹತ್ತಿಯ ಎಳೆಯನ್ನು ಅಳೆಯುವ ಪ್ರಯೋಗಶಾಲೆಯೊಂದು ಪ್ರಾರಂಭವಾಯಿತು. ಇಂದಿನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೂಲ ಅದು. ಧಾರವಾಡದ ಕಡೆಯ ಕೃಷಿ ತಜ್ಞರು ಜವಾರಿ ಹತ್ತಿಯನ್ನು ಕೈಬಿಡದೆ ಅದರಲ್ಲಿಯೇ ಆಯ್ಕೆ ಮಾಡುತ್ತ, ಸೊರಗು ರೋಗವನ್ನು ತಡೆಯುವ ತಳಿಗಳನ್ನು ಕೊಟ್ಟರು. ಅವುಗಳಲ್ಲಿ ಹೆಸರಾದುದು 'ಜಯಧರ'. ನಮ್ಮ ತಂದೆಯವರು ಬಿತ್ತುತ್ತಿದ್ದುದು ಅದನ್ನೇ. ಸ್ವಾತಂತ್ರ್ಯ ಬಂದಾಗ ಭಾರತದ ಹತ್ತಿಯ ನೆಲದಲ್ಲಿ ಶೇಕಡಾ 97ರಷ್ಟು ದೇಶೀ ಜಾತಿಗಳೇ ಇದ್ದವು.

ಅನಂತರದ ಕತೆಯೂ ಧಾರವಾಡದಲ್ಲಿಯೇ ತಿರುವು ಪಡೆಯಿತು. 1972ರಲ್ಲಿ ಡಾ. ಬಿ. ಎಚ್. ಕಟರ್ಕಿಯವರು 'ವರಲಕ್ಷ್ಮಿ' ಎಂಬ ಸಂಕರ ತಳಿಯನ್ನು ಅಲ್ಲಿ ರೂಪಿಸಿದರು. ಉದ್ದ ಎಳೆ, ಹೆಚ್ಚು ಇಳುವರಿ. ದೇಶಕ್ಕೆ ನವುರಾದ ನೂಲು ಬೇಕಾಗಿದ್ದ ಕಾಲ. ಅದು ವಿಜ್ಞಾನದ ದೊಡ್ಡ ಸಾಧನೆ ಎಂಬುದರಲ್ಲಿ ಸಂದೇಹವಿಲ್ಲ. ಕನ್ನಡಿಗರಾಗಿ ನಮಗೆ ಅದರ ಹೆಮ್ಮೆಯೂ ಇದೆ. ಆದರೆ ಸಂಕರ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು, ನೀರು ಹಾಯಿಸಬೇಕು, ಗೊಬ್ಬರ ಕೊಡಬೇಕು, ಹುಳಕ್ಕೆ ಔಷಧ ಹೊಡೆಯಬೇಕು. ಮಲಪ್ರಭೆಯ ಕಾಲುವೆ ಬಂದ ಹಳ್ಳಿಗಳಲ್ಲಿ ರೈತರು ಸಾಲ ಮಾಡಿ ವರಲಕ್ಷ್ಮಿ ಬೆಳೆದರು. ಹತ್ತಿಯ ಬೆಲೆ ಕುಸಿಯಿತು. ಮೇಲೆ ನೀರಿನ ಕರ, ಅಭಿವೃದ್ಧಿ ಕರಗಳ ವಸೂಲಿ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದ ರೈತರ ಬಂಡಾಯ, ಗೋಳೀಬಾರು, ಪ್ರಾಣಹಾನಿ ಹಿರಿಯ ಓದುಗರಿಗೆ ನೆನಪಿರಬಹುದು. ಅದು ನಾವು ಹುಟ್ಟಿದ ಹೊಸತು. ಆ ದಿನದ ಮಾತು ಬಂದರೆ ನಮ್ಮ ತಂದೆಯವರು ಬಹಳ ಹೊತ್ತು ಸುಮ್ಮನೆ ಕೂಡುತ್ತಿದ್ದರು.

1990ರ ದಶಕದ ಹೊತ್ತಿಗೆ, ದೇಶದ ಸಾಗುವಳಿಯ ನೆಲದಲ್ಲಿ ಶೇಕಡಾ 5ರಷ್ಟಿದ್ದ ಹತ್ತಿ, ದೇಶದಲ್ಲಿ ಬಳಸುವ ಕೀಟನಾಶಕದಲ್ಲಿ ಅರ್ಧದಷ್ಟನ್ನು ಕುಡಿಯುತ್ತಿತ್ತು ಎನ್ನುತ್ತಾರೆ. ಕಾಯಿಕೊರಕ ಹುಳುವಿಗೆ ಪರಿಹಾರವೆಂದು 2002ರಲ್ಲಿ ಬಿ.ಟಿ. ಹತ್ತಿಗೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಕೆಲವು ವರ್ಷ ಸಿಂಪರಣೆ ಇಳಿಯಿತು. ಆಮೇಲೆ ಗುಲಾಬಿ ಕಾಯಿಕೊರಕ ಆ ವಿಷಕ್ಕೂ ಒಗ್ಗಿಕೊಂಡಿತು. ರಸ ಹೀರುವ ಕೀಟಗಳಿಗಾಗಿ ಪಂಪು ಮತ್ತೆ ರೈತನ ಬೆನ್ನೇರಿತು. 2017ರಲ್ಲಿ ನಮ್ಮ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಸಿಂಪಡಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ವಿಷವೇರಿ ಸತ್ತರು. ಊರಿನಲ್ಲಿರುವ ನಮ್ಮ ತಮ್ಮನೂ ಒಮ್ಮೆ ಹೊಲದಲ್ಲಿ ತಲೆ ತಿರುಗಿ ಬಿದ್ದು ಎರಡು ದಿನ ಆಸ್ಪತ್ರೆಯಲ್ಲಿದ್ದನು. ತಾಯಿಯವರ ಪ್ರಶ್ನೆಯ ಹಿಂದೆ ಈ ಸಂಕಟವಿತ್ತೆಂಬುದು ನಮಗೆ ತಡವಾಗಿ ಹೊಳೆಯಿತು.

ಇದು ಹತ್ತಿಯ ಒಂದು ತುದಿ. ಇನ್ನೊಂದು ತುದಿ ನಮ್ಮ ಭಿವಂಡಿ. 1857ರ ನಂತರ ಉತ್ತರ ಹಿಂದುಸ್ತಾನದಿಂದ ಬಂದ ಮೋಮಿನ್ ನೇಕಾರರು ಇಲ್ಲಿ ಕೈಮಗ್ಗ ಹೂಡಿದರು. ಇಪ್ಪತ್ತನೆಯ ಶತಮಾನದಲ್ಲಿ ಅವು ವಿದ್ಯುತ್ ಮಗ್ಗಗಳಾದವು. ತೆಲಂಗಾಣದ ಪದ್ಮಶಾಲಿಗಳು, ಉತ್ತರ ಪ್ರದೇಶ, ಬಿಹಾರಗಳ ಕೂಲಿಕಾರರು ಬಂದು ಸೇರಿದರು. 1982ರ ಜನವರಿ 18ರಂದು ಆರಂಭವಾದ ಮುಂಬಯಿಯ ಗಿರಣಿ ಮುಷ್ಕರದ ನಂತರ ಗಿರಣಿಗಳ ಕೆಲಸ ಬಹಳಷ್ಟು ಇಂಥ ಊರುಗಳಿಗೆ ಹರಿದು ಬಂದಿತು. ಇಂದು ಅನೇಕ ಮಗ್ಗಗಳು ಗುಜರಿಗೆ ಹೋಗಿ, ಅವುಗಳ ಜಾಗದಲ್ಲಿ ದೊಡ್ಡ ದೊಡ್ಡ ಗೋದಾಮುಗಳೆದ್ದಿವೆ. ಫೋನಿನಲ್ಲಿ ತರಿಸಿಕೊಳ್ಳುವ ಎಷ್ಟೋ ಬಟ್ಟೆ ಈ ಗೋದಾಮುಗಳಿಂದಲೇ ಮನೆಗೆ ಬರುತ್ತದೆ. ಉಳಿದ ಮಗ್ಗಗಳಲ್ಲಿಯೂ ಹತ್ತಿಯ ಜೊತೆ ಪಾಲಿಯೆಸ್ಟರ್ ನೂಲು ಧಾರಾಳವಾಗಿ ಓಡುತ್ತದೆ.

ಮಗ್ಗದಿಂದಿಳಿದ ಕೋರಾ ಬಟ್ಟೆ ಬಿಳುಪಾಗಬೇಕು, ಬಣ್ಣವೇರಬೇಕು. ಕಾಸ್ಟಿಕ್ ಸೋಡ, ಬ್ಲೀಚು, ಬಣ್ಣ, ಉಪ್ಪು ಇವೆಲ್ಲ ಸೇರಿದ ನೀರು ಎಲ್ಲಿಗಾದರೂ ಹೋಗಲೇಬೇಕಷ್ಟೆ. ಭಿವಂಡಿಯ ಕಾಮವಾರಿ ನದಿಯನ್ನು ಸೇತುವೆಯ ಮೇಲಿಂದ ನೋಡಿದವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಬಣ್ಣದ ಮಾತು ಭಿವಂಡಿಗಷ್ಟೇ ಸೇರಿದ್ದೂ ಅಲ್ಲ: 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಕೈಗಾರಿಕಾ ವಸಾಹತಿನ ಒಂದು ರಸ್ತೆಯೇ ಗುಲಾಬಿಯಾಗಿ ತಿರುಗಿದ್ದನ್ನು ಅಲ್ಲಿಯ ನಮ್ಮ ಸದಸ್ಯರು ಕಣ್ಣಾರೆ ಕಂಡಿದ್ದಾರೆ. ಬಣ್ಣದ ನೀರಿನಲ್ಲಿ ಬರಿಗೈಯಿಂದ ಕೆಲಸ ಮಾಡುವವನ ಚರ್ಮ, ಆ ನದಿಯ ದಂಡೆಯಲ್ಲಿ ಬಾಳುವವರ ನೀರು, ಇವು ಯಾವ ಅಂಗಿಯ ಬೆಲೆಯಲ್ಲಿಯೂ ಸೇರುವುದಿಲ್ಲ.

ಹಾಗಾದರೆ ಮಗಳು ತಂದ ಅಂಗಿಯ ಚೀಟಿಗೆ ಏನು ಅರ್ಥ? ಅರ್ಥವಿದೆ, ನಿಯಮವೂ ಇದೆ. ಭಾರತ ಸರ್ಕಾರದ ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮ 2001ರಲ್ಲಿ ಜಾರಿಗೆ ಬಂದಿತು. ರೈತ ರಾಸಾಯನಿಕಗಳನ್ನು ಬಿಟ್ಟು ಪರಿವರ್ತನೆಯ ಅವಧಿಯನ್ನು ದಾಟಿ, ತಪಾಸಣೆಗೆ ಒಳಪಟ್ಟ ಮೇಲೆಯೇ ಅವನ ಹತ್ತಿ ಸಾವಯವ ಎನಿಸುತ್ತದೆ, ಬಿ.ಟಿ. ಬೀಜಕ್ಕೆ ಅಲ್ಲಿ ಎಡೆಯಿಲ್ಲ. ಬಟ್ಟೆಗೆ 'ಗಾಟ್ಸ್' ಎಂಬ ಅಂತರರಾಷ್ಟ್ರೀಯ ಮುದ್ರೆಯಿದೆ. ಎಳೆಯಲ್ಲಿ ಕನಿಷ್ಠ ಶೇಕಡಾ 95 ಭಾಗ ಸಾವಯವವಾಗಿದ್ದರೆ 'ಸಾವಯವ' ಎಂದು, ಕನಿಷ್ಠ ಶೇಕಡಾ 70 ಇದ್ದರೆ 'ಸಾವಯವ ಎಳೆಯಿಂದ ಮಾಡಿದ್ದು' ಎಂದು ಅದು ಬರೆಯಗೊಡುತ್ತದೆ. ಬಣ್ಣ, ಕೊಳೆನೀರು, ಕೆಲಸಗಾರರ ಸ್ಥಿತಿ ಇವುಗಳಿಗೂ ಅದರಲ್ಲಿ ಕಟ್ಟಳೆಗಳಿವೆ. ಜಗತ್ತಿನಲ್ಲಿ ಸಾವಯವ ಹತ್ತಿ ಬೆಳೆಯುವ ದೇಶಗಳಲ್ಲಿ ಭಾರತ ಮುಂಚೂಣಿಯಲ್ಲಿದೆ.

ಆದರೆ 2020ರಲ್ಲಿ ಇದೇ ಗಾಟ್ಸ್ ಸಂಸ್ಥೆ, ಭಾರತದಲ್ಲಿ ಸುಮಾರು 20,000 ಟನ್ ಹತ್ತಿಗೆ ಖೋಟಾ ಪ್ರಮಾಣಪತ್ರಗಳನ್ನು ಸೃಷ್ಟಿಸಲಾಗಿತ್ತೆಂದು ಪ್ರಕಟಿಸಿತು. 1863ರಲ್ಲಿ ಅಮೆರಿಕನ್ ಹತ್ತಿಯೆಂದು ಜವಾರಿಯನ್ನು ಬೆರೆಸಿ ಮಾರಿದರು. ನೂರಾ ಐವತ್ತೇಳು ವರ್ಷಗಳ ಮೇಲೆ ವಿಷವಿಲ್ಲದ ಹತ್ತಿಯೆಂದು ವಿಷ ಕುಡಿದ ಹತ್ತಿಯನ್ನು ಮಾರಿದರು. ನಮ್ಮ ಅಂಗಿಯ ಚೀಟಿಯನ್ನು ಹಿಂದೆ ಮುಂದೆ ತಿರುವಿ ನೋಡಿದೆವು. ತಪಾಸಣೆ ಮಾಡಿದವರ ಹೆಸರಾಗಲಿ, ಪರವಾನಗಿಯ ಸಂಖ್ಯೆಯಾಗಲಿ ಇರಲಿಲ್ಲ. ಹಸುರೆಲೆ ಮಾತ್ರ ಇತ್ತು. ಅಂಗಡಿಯಲ್ಲಿ ಕೇಳಿದರೆ, "ಕಂಪನಿಯಿಂದ ಹಾಗೇ ಬರುತ್ತೆ ಸರ್" ಎಂಬ ಉತ್ತರ.

ಇಷ್ಟೆಲ್ಲ ತಿಳಿದ ಮೇಲೆ, ಸಾವಯವ ಬಟ್ಟೆಯಿಂದ ಪ್ರಯೋಜನವಿದೆಯೇ ಎಂದು ಓದುಗರು ಕೇಳಬಹುದು. ಇದೆ, ಆದರೆ ಅದು ಜಾಹೀರಾತಿನವರು ಹೇಳುವ ಜಾಗದಲ್ಲಿಲ್ಲ. ಹತ್ತಿಗೆ ಹೊಡೆದ ವಿಷ ಬಟ್ಟೆಯಾಗುವ ಹೊತ್ತಿಗೆ, ಕುದಿಸಿ ತೊಳೆದು ಬಿಳುಪು ಮಾಡುವಲ್ಲಿ ಬಹುಮಟ್ಟಿಗೆ ಹೋಗಿಬಿಟ್ಟಿರುತ್ತದೆ. ಉಡುವವನ ಮೈಗಿಂತ ಮೊದಲು ಅದು ಮುಟ್ಟುವುದು ಸಿಂಪಡಿಸುವವನ ಉಸಿರನ್ನು, ಹೊಲದ ಮಣ್ಣನ್ನು, ಬಾವಿಯ ನೀರನ್ನು. ಆದ್ದರಿಂದ ಸಾವಯವ ಹತ್ತಿಯ ಮೊದಲ ಲಾಭ ನಮ್ಮ ತಮ್ಮನಂಥವನಿಗೆ, ಎರಡನೆಯದು ಕಾಮವಾರಿಯಂಥ ನದಿಗೆ, ಮೂರನೆಯದು ನಮಗೆ. ಈ ಕ್ರಮವನ್ನು ತಿಳಿದು ಕೊಂಡರೆ, ಕೊಡುವ ನಾಲ್ಕು ಹೆಚ್ಚಿನ ಕಾಸು ದಂಡವೆನಿಸುವುದಿಲ್ಲ.

ಕೊಳ್ಳುವುದಾದರೆ ಮುದ್ರೆಯನ್ನೂ ಸಂಖ್ಯೆಯನ್ನೂ ನೋಡಿ ಕೊಳ್ಳೋಣ. ಅದಕ್ಕಿಂತ ಮೇಲು, ಎಲ್ಲಿ ನೂತದ್ದು, ಎಲ್ಲಿ ನೇಯ್ದದ್ದು ಎಂದು ತಿಳಿಯುವ ಬಟ್ಟೆ. ಊರಿಗೆ ಹೋದಾಗ ಧಾರವಾಡದ ಹತ್ತಿರದ ಗರಗದ ಖಾದಿ ನೋಡಬಹುದು. 1954ರಲ್ಲಿ ಸ್ಥಾಪನೆಯಾದ ಅಲ್ಲಿಯ ಸೇವಾ ಸಂಘ ರಾಷ್ಟ್ರಧ್ವಜದ ಬಟ್ಟೆ ನೇಯ್ದು ಹೆಸರಾದುದು. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ನಡೆದುಬಂದಿದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಯನ್ನು ತಿದ್ದಿ, ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ಕೊಟ್ಟ ಮೇಲೆ ಇಂಥ ಸಂಘಗಳಿಗೆ ನಮ್ಮಂಥ ಗಿರಾಕಿಗಳ ಅಗತ್ಯ ಇನ್ನೂ ಹೆಚ್ಚಾಗಿದೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನರು ಕಟ್ಟಿದ 'ಚರಕ' ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆಯ ಚೊಗರಿನಂಥ ಸಹಜ ಬಣ್ಣಗಳನ್ನು ಕೈಮಗ್ಗದ ನೂಲಿಗೆ ಏರಿಸುತ್ತಾರೆ. ಖಾದಿಯೆಲ್ಲ ಸಾವಯವ ಹತ್ತಿಯದೆಂದು ನಾವು ಹೇಳುವುದಿಲ್ಲ. ಆದರೆ ಕೇಳಿದರೆ ಉತ್ತರ ಕೊಡುವ ಮನುಷ್ಯ ಅಲ್ಲಿ ಇರುತ್ತಾನೆ.

ಇನ್ನು ಎಲ್ಲಕ್ಕಿಂತ ಅಗ್ಗದ ಉಪಾಯ, ಇದ್ದ ಬಟ್ಟೆಯನ್ನು ಬೇಗ ಎಸೆಯದಿರುವುದು. ನಮ್ಮ ತಾಯಿಯವರು ಹಳೆಯ ಸೀರೆ, ಧೋತರಗಳನ್ನು ಹೊಲಿದು ಮಾಡಿದ ಕೌದಿ ಇಪ್ಪತ್ತೆರಡು ವರ್ಷಗಳಿಂದ ಈ ಭಿವಂಡಿಯ ಮನೆಯಲ್ಲಿದೆ. ಪರಿಸರಸ್ನೇಹಿ ಎಂಬ ಮಾತನ್ನು ಅವರು ಕೇಳಿದವರಲ್ಲ.

ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ ಈ ಕತೆಯನ್ನೆಲ್ಲ ತಮ್ಮನಿಗೆ ಹೇಳಿ, ಒಂದು ಎಕರೆಯಾದರೂ ಜಯಧರ ಹಾಕಬಾರದೇಕೆ ಎಂದೆವು. ಅವನು ಸಿಟ್ಟಾಗಲಿಲ್ಲ. "ಹಾಕ್ತೀನಣ್ಣಾ. ಬೀಜಾನೂ ಹುಡುಕ್ತೀನಿ. ಆದರ ಆ ನಾಲ್ಕು ಕ್ವಿಂಟಾಲಿಗೆ ಯಾವ ಜಿನ್ನಿನವ ಯಂತ್ರ ತೊಳದು ನಿಂತಾನು? ಕೊಳ್ಳಾವರು ಯಾರು? ಅದನ್ನ ಮೊದಲು ಹೇಳು" ಎಂದನು.

ನೂರಾ ಎಂಬತ್ತು ವರ್ಷಗಳ ಹಿಂದೆ ಧಾರವಾಡದ ರೈತ ಯಾವ ಬೀಜ ಬಿತ್ತಬೇಕೆಂಬುದನ್ನು ನಿಶ್ಚಯಿಸಿದವನು ದೂರದಲ್ಲಿದ್ದ ಕೊಳ್ಳುವವನೇ. ಇಂದೂ ಅವನೇ ನಿಶ್ಚಯಿಸುತ್ತಾನೆ. ವ್ಯತ್ಯಾಸವೆಂದರೆ ಅಂದು ಅವನು ಮ್ಯಾಂಚೆಸ್ಟರಿನಲ್ಲಿದ್ದ. ಇಂದು ಅವನು ಠಾಣೆ, ಕಲ್ಯಾಣ, ಡೊಂಬಿವಲಿ, ಭಿವಂಡಿಗಳಲ್ಲಿ ಇದ್ದಾನೆ, ಕನ್ನಡ ಮಾತಾಡುತ್ತಾನೆ, ಈ ಮಾಸಿಕವನ್ನೂ ಓದುತ್ತಾನೆ. ಜವಾರಿ ಹತ್ತಿ ಹಾಸಿಗೆಗೆ ಒಳ್ಳೆಯದು, ದೇವರ ಬತ್ತಿಗೆ ಒಳ್ಳೆಯದು. ಬರುವ ವರ್ಷ ನಾಲ್ಕಾರು ಮನೆಗಳವರು ಸೇರಿ ಹಾಸಿಗೆಗಳಿಗಾಗಿ ತಮ್ಮನ ಹತ್ತಿಯನ್ನು ಮುಂಗಡ ಹೇಳಿಟ್ಟಿದ್ದೇವೆ. ಇದು ಸಣ್ಣ ಕೆಲಸವೆಂಬುದನ್ನು ಬಲ್ಲೆವು. ಆದರೂ ಅವನು ಆಗಸ್ಟಿನಲ್ಲಿ ಬೀಜ ಬಿತ್ತುವಾಗ, ಈ ಸಲ ಕೊಳ್ಳುವವರ ಹೆಸರು ಅವನಿಗೆ ಗೊತ್ತಿರುತ್ತದೆ. ನಾವು ಮಲಗುವ ಹಾಸಿಗೆಯ ಹತ್ತಿ ಬೆಳೆದವನ ಹೆಸರು ನಮಗೂ ಗೊತ್ತಿರುತ್ತದೆ.